ಮುಪ್ಪಾದ ಬೆಕ್ಕನ್ನು ಬೀಳ್ಕೊಡುವ ಬಗೆ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶಾಲೆಯ ಹಬ್ಬದ ದಿನ ಸಾವಿನ ಮಾತೇಕೆ ಎಂದು ಹಿರಿಯರಲ್ಲಿ ಕೆಲವರಿಗೆ ತೋರಬಹುದು. ಮಕ್ಕಳಿಗೆ ಹಾಗೆ ತೋರಲಾರದು. ತಾವು ಹುಟ್ಟುವುದಕ್ಕೆ ಮೊದಲೇ ಮನೆಯಲ್ಲಿದ್ದ ಬೆಕ್ಕು ಒಂದು ಬೆಳಗ್ಗೆ ಕಾಣದಾದಾಗ ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರಗಳು ಎರಡೇ. “ಎಲ್ಲಿಗೋ ಹೋಯಿತು” ಎಂಬುದೊಂದು. “ಇನ್ನೊಂದು ಮರಿ ತಂದರಾಯಿತು” ಎಂಬುದು ಮತ್ತೊಂದು. ಇವೆರಡೂ ಸಾಲವೆಂದು ನಮಗೆ ಬಹುಕಾಲದಿಂದ ತೋರುತ್ತಿದೆ.

ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ನಾಡೆನ್ನುವರಷ್ಟೆ. ಕನ್ನಡದ ಬೆಕ್ಕು ತುಳುವಿನಲ್ಲಿಯೂ ಹವ್ಯಕರ ಮನೆಮಾತಿನಲ್ಲಿಯೂ ಪುಚ್ಚೆಯೆನಿಸುತ್ತದೆ, ಮಲೆಯಾಳದಲ್ಲಿ ಪೂಚ್ಚ. ಹೆಸರು ಯಾವುದಾದರೂ ಅಡಿಕೆ ತೆಂಗುಗಳ ಮನೆಯಲ್ಲಿ ಅದು ಮಾಡುವ ಕೆಲಸ ಒಂದೇ. ಅಟ್ಟದ ಅಡಿಕೆಗೋಣಿಗಳನ್ನೂ ಭತ್ತದ ಪತ್ತಾಯವನ್ನೂ ಇಲಿಗಳಿಂದ ಕಾಯುವ, ಸಂಬಳ ಬೇಡದ ಕಾವಲುಗಾರ ಅದು. ಮುಪ್ಪು ಬಂದು ಇಲಿ ಹಿಡಿಯಲಾರದೆ ಹೋದಾಗ, ಕಂಡಕಂಡಲ್ಲಿ ಹೊಲಸು ಮಾಡತೊಡಗಿದಾಗ, ಕೆಲವು ಮನೆಗಳವರು ಅದನ್ನು ಗೋಣಿಯಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಬಳಿಯಲ್ಲೋ ಹೊಳೆಯ ಆಚೆ ದಡದಲ್ಲೋ ಬಿಟ್ಟುಬರುವುದುಂಟು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಭಯ ನಮ್ಮ ಹಿರಿಯರಲ್ಲಿತ್ತು. ಬಿಟ್ಟುಬಂದರೆ ಯಾವ ದಾನವೂ ಇಲ್ಲವಾದುದರಿಂದ ಈ ಉಪಾಯ ಅಗ್ಗದ್ದೆಂದು ಕಂಡಿರಬೇಕು! ಹಲ್ಲುದುರಿದ ಬೆಕ್ಕು ಅಪರಿಚಿತ ಸ್ಥಳದಲ್ಲಿ, ನಾಯಿಗಳ ನಡುವೆ, ಎಷ್ಟು ದಿನ ಬದುಕೀತು? 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದನ್ನು ಅಪರಾಧವೆಂದೇ ಹೇಳಿದೆ.

ಮುದಿ ಪ್ರಾಣಿಯೊಂದನ್ನು ಹೇಗೆ ಬೀಳ್ಕೊಡಬಹುದೆಂಬುದನ್ನು ನೋಡಲು ನಾವು ದೂರ ಹೋಗಬೇಕಾದುದಿಲ್ಲ. ಕುಂಬಳೆಯ ಸಮೀಪದ ಅನಂತಪುರದ ಸರೋವರ ಕ್ಷೇತ್ರವನ್ನು ನೀವೆಲ್ಲರೂ ಬಲ್ಲಿರಿ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನವೆಂದು ಪ್ರತೀತಿ. ಅಲ್ಲಿಯ ಕೊಳದಲ್ಲಿದ್ದ ಬಬಿಯಾ ಎಂಬ ಮೊಸಳೆಯು 2022ರ ಅಕ್ಟೋಬರ್ 9ರ ರಾತ್ರಿ ತೀರಿಕೊಂಡಿತು. ಅದಕ್ಕೆ ಎಪ್ಪತ್ತು ವರ್ಷ ದಾಟಿತ್ತೆಂದು ಜನರ ಎಣಿಕೆ. 1945ರಲ್ಲಿ ಆಂಗ್ಲ ಸಿಪಾಯಿಯೊಬ್ಬನು ಕೊಳದ ಮೊಸಳೆಯನ್ನು ಗುಂಡಿಕ್ಕಿ ಕೊಂದನೆಂದೂ ಕೆಲವು ದಿನಗಳಲ್ಲೇ ಈ ಬಬಿಯಾ ಕಾಣಿಸಿಕೊಂಡಿತೆಂದೂ ಊರವರು ಹೇಳುತ್ತ ಬಂದಿದ್ದಾರೆ. ಅದು ಮಾಂಸವನ್ನೇ ಮುಟ್ಟುತ್ತಿರಲಿಲ್ಲವೆಂಬ ನಂಬಿಕೆಯೂ ಇದೆ. ಮೊಸಳೆಯ ಜಾತಿಯೇ ಮಾಂಸಾಹಾರಿಯಾದುದು. ಕೊಳದಲ್ಲಿ ಮೀನುಗಳೂ ಇದ್ದವು. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ದಿನವೂ ನೈವೇದ್ಯದ ಅನ್ನವನ್ನು ಅರ್ಚಕರ ಕೈಯಿಂದ ತಿನ್ನುತ್ತಿದ್ದುದಂತೂ ಸಾವಿರಾರು ಜನರು ಕಣ್ಣಾರೆ ಕಂಡ ಸಂಗತಿ.

ನಮಗೆ ಮುಖ್ಯವಾದುದು ಅದರ ಮರುದಿನದ ವೃತ್ತಾಂತ. ಕಳೇಬರವನ್ನು ಯಾರೂ ಮರೆಮಾಡಲಿಲ್ಲ. ಗಾಜಿನ ಶೀತಲ ಪೆಟ್ಟಿಗೆಯಲ್ಲಿರಿಸಿ, ಹೂವು ಹಾಕಿ, ಬಂದವರೆಲ್ಲರ ದರ್ಶನಕ್ಕೆ ಇಟ್ಟರು. ಜನರು ತಂಡತಂಡವಾಗಿ ಬಂದು ನೋಡಿದರು. ಅನಂತರ ಕ್ಷೇತ್ರದ ಆವರಣದಲ್ಲಿಯೇ ಸಮಾಧಿ ಮಾಡಿದರು. ಸತ್ತದ್ದನ್ನು ಸತ್ತಿತೆಂದು ಹೇಳಿ, ಇಂತಲ್ಲಿ ಹೂಳಿದೆವೆಂದು ತೋರಿಸಿಕೊಟ್ಟ ಈ ಕ್ರಮ ನಮಗೆ ಬಹಳ ಹಿಡಿಸಿತು.

“ಅದು ದೇವರ ಮೊಸಳೆ, ನಮ್ಮದು ಬಡ ಬೆಕ್ಕು” ಎನ್ನಬಹುದು. ಸರಿಯೇ. ಬೆಕ್ಕಿಗೆ ಸ್ಥಳಪುರಾಣವಿಲ್ಲ, ಮನೆಮಂದಿಯ ಹೊರತು ಗುರುತಿನವರೂ ಇಲ್ಲ. ಆದರೆ ಮನುಷ್ಯನೊಡನೆ ಅದರ ಸಂಬಂಧ ಇಂದು ನಿನ್ನೆಯದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದಿಂದ ಒಂದೂವರೆ ಅಡಿಯೊಳಗೆ ಬೆಕ್ಕಿನ ಅಸ್ಥಿಪಂಜರವನ್ನೂ ವಿದ್ವಾಂಸರು ಕಂಡರು. 2004ರಲ್ಲಿ ಅದನ್ನು ಪ್ರಕಟಿಸಿದರು. ಆ ದ್ವೀಪದಲ್ಲಿ ಸ್ವಾಭಾವಿಕವಾಗಿ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ಕೊಂಡೊಯ್ದು, ಸಾಕಿ, ಜೋಪಾನವಾಗಿ ಹೂಳಿದ್ದರು.

ಬೀಳ್ಕೊಡುವ ಕೆಲಸ ಸಾಯುವ ದಿನ ಆರಂಭವಾಗುವುದಲ್ಲವಾದ್ದರಿಂದ ಬೆಕ್ಕಿನ ಮುಪ್ಪಿನ ಕುರಿತು ಎರಡು ಮಾತು. ಸಾಕಿದ ಬೆಕ್ಕು ಸಾಧಾರಣವಾಗಿ ಹನ್ನೆರಡರಿಂದ ಹದಿನೈದು ವರ್ಷ ಬಾಳುವುದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತನ್ನು ಮುಟ್ಟುವುದೂ ಉಂಟು. ಅಮೆರಿಕದಲ್ಲಿ 1967ರಲ್ಲಿ ಹುಟ್ಟಿದ ಒಂದು ಬೆಕ್ಕು 2005ರ ವರೆಗೆ, ಮೂವತ್ತೆಂಟು ವರ್ಷ, ಬದುಕಿತ್ತು. ಹದಿನೈದರ ಬೆಕ್ಕೆಂದರೆ ಎಪ್ಪತ್ತೈದರ ಅಜ್ಜನೆಂದು ತಿಳಿಯಬಹುದು. ಗಂಟುನೋವಿನಿಂದ ಅಟ್ಟಕ್ಕೆ ಹಾರಲಾರದು. ಮೈ ನೆಕ್ಕಿಕೊಳ್ಳಲಾರದೆ ರೋಮ ಜಡೆಗಟ್ಟುವುದು. ಅನೇಕ ಮುದಿ ಬೆಕ್ಕುಗಳಿಗೆ ಮೂತ್ರಪಿಂಡಗಳು ದುರ್ಬಲವಾಗಿ ನೀರು ಹೆಚ್ಚು ಬೇಕಾಗುತ್ತದೆ, ಮೂತ್ರವೂ ಹೆಚ್ಚು ಹೋಗುತ್ತದೆ. ಹೊಲಸು ಮಾಡುವುದು ಹಟದಿಂದಲ್ಲ, ಕಾಯಿಲೆಯಿಂದ. ಇದನ್ನು ತಾಯಂದಿರು ದಯವಿಟ್ಟು ನೆನಪಿಡಬೇಕು. ಎರಡು ಮೂರು ಕಡೆ ನೀರಿಟ್ಟು, ಮುಳ್ಳು ತೆಗೆದ ಮೀನನ್ನು ಮೆತ್ತಗಿನ ಅನ್ನದೊಡನೆ ಕಲಸಿ ಕೊಟ್ಟು, ಒಲೆಯ ಬಳಿ ಹಳೆಯ ಗೋಣಿ ಹಾಸಿದರೆ ಅದರ ಬೇಡಿಕೆ ಬಹುಮಟ್ಟಿಗೆ ತೀರಿತು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮಾತ್ರ ಎಂದಿಗೂ ಕೊಡಬಾರದು. ಅದು ಬೆಕ್ಕಿಗೆ ವಿಷ. ಅರ್ಧ ಮಾತ್ರೆಯೂ ಪ್ರಾಣಾಂತಿಕವಾಗಬಹುದು. ಮೃಗಾಸ್ಪತ್ರೆಯ ವೈದ್ಯರನ್ನು ಕೇಳಿರಿ. ನರಳಾಟ ಮಿತಿಮೀರಿ, ಗುಣವಾಗುವ ದಾರಿಯೇ ಇಲ್ಲವೆಂದು ಅವರು ಕಂಡಾಗ ನೋವಿಲ್ಲದೆ ಪ್ರಾಣ ಹೋಗುವಂತೆ ಸೂಜಿಮದ್ದು ಕೊಡುವ ಕ್ರಮವೂ ಇದೆ. ಅದು ಬೇಕೋ ಬೇಡವೋ ಎಂಬುದು ಆಯಾ ಮನೆಯವರ ಮನಸ್ಸಿಗೆ ಸೇರಿದ್ದು.

ಸಾಯುವ ಬೆಕ್ಕು ಮನೆ ಬಿಟ್ಟು ಹೋಗುತ್ತದೆ ಎನ್ನುತ್ತಾರೆ. ನೋವಿರುವ ಬೆಕ್ಕು ಯಾರ ಕಣ್ಣಿಗೂ ಬೀಳದ ಮೂಲೆಯನ್ನು ಹುಡುಕುವುದು ನಿಜ. ಸೌದೆಯ ರಾಶಿಯ ಹಿಂದೆ, ಬಚ್ಚಲಿನ ಸಂದಿಯಲ್ಲಿ, ಹಟ್ಟಿಯ ಮೂಲೆಯಲ್ಲಿ ಹುಡುಕಿದರೆ ಬಹುಶಃ ಸಿಕ್ಕೀತು. ಹುಡುಕದಿರುವವರಿಗೆ ಮಾತ್ರ ಅದು “ಎಲ್ಲಿಗೋ ಹೋದ” ಬೆಕ್ಕು.

ನಮ್ಮ ಮನೆಯಲ್ಲಿ ಹದಿನೇಳು ವರ್ಷ ಬಾಳಿದ ಬೂದುಬಣ್ಣದ ಬೆಕ್ಕೊಂದಿತ್ತು. ಕೊನೆಯ ಆಟಿ ತಿಂಗಳ ಮಳೆಯಲ್ಲಿ ಅದರ ವಾಸ ಅಟ್ಟದಿಂದ ಜಗಲಿಗೆ, ಜಗಲಿಯಿಂದ ಒಲೆಯ ಬುಡಕ್ಕೆ ಇಳಿದುಬಂತು. ಮನೆಯ ಕಿರಿಯ ಹುಡುಗಿ ತೆಂಗಿನ ಗೆರಟೆಯಲ್ಲಿ ನೀರು ತುಂಬಿ ಅದರ ಮೂತಿಯ ಹತ್ತಿರ ಹಿಡಿಯುತ್ತಿದ್ದಳು. ಒಂದು ಮಧ್ಯಾಹ್ನ ಅದು ನೀರನ್ನು ಮೂಸಿಯೂ ನೋಡಲಿಲ್ಲ. ಸಂಜೆಗೆ ಉಸಿರು ನಿಂತಿತು. ಅವಳನ್ನು ನೆರೆಮನೆಗೆ ಕಳುಹಿಸುವುದೊಳ್ಳೆಯದೆಂದು ಒಬ್ಬಿಬ್ಬರು ಹೇಳಿದರು, ನಾವು ಒಪ್ಪಲಿಲ್ಲ. “ಇನ್ನು ಇದಕ್ಕೆ ಚಳಿಯಾಗುವುದಿಲ್ಲವೆ?” ಎಂದು ಕೇಳಿದಳು. ಆಗುವುದಿಲ್ಲ, ಹಸಿವೂ ಇಲ್ಲ, ನೋವೂ ಇಲ್ಲ ಎಂದೆವು. ಬಾವಿಗೂ ಸುರಂಗಕ್ಕೂ ದೂರವಾಗಿ, ಮುರಕಲ್ಲಿಲ್ಲದ ಕಡೆ ಮೂರು ಅಡಿ ಆಳದ ಗುಂಡಿ ತೋಡಿದೆವು. ಅವಳು ಅತ್ತಳು, ಮಣ್ಣೂ ಹಾಕಿದಳು. ಕೊನೆಗೆ ಆ ಗೆರಟೆಯನ್ನು ತಂದು ಗುಂಡಿಯ ಮೇಲೆ ಕವುಚಿಟ್ಟಳು. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳು ಅಳುತ್ತಾರೆಂಬ ಭಯದಿಂದಲೇ ಹಿರಿಯರು ಸುಳ್ಳು ಹೇಳುವುದು. ಆದರೆ “ಹೋಯಿತು” ಎಂಬ ಮಾತನ್ನು ನಂಬಿದ ಮಗು ತಿಂಗಳುಗಟ್ಟಲೆ ಸಂಜೆ ಬಾಗಿಲಲ್ಲಿ ಕಾಯುವುದನ್ನೂ ನಾವು ಕಂಡಿದ್ದೇವೆ. ಅಳು ಕೆಲವು ದಿನಗಳಲ್ಲಿ ಇಳಿಯುತ್ತದೆ. ಆ ಕಾಯುವಿಕೆಗೆ ಕೊನೆಯೇ ಇರುವುದಿಲ್ಲ.

ಇನ್ನು ಹೊಸ ಮರಿಯ ವಿಷಯ. ಅನಂತಪುರದ ಕೊಳದಲ್ಲಿ 2023ರ ನವೆಂಬರಿನಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಒಂದು ಹೋದರೆ ಇನ್ನೊಂದು ಬರುವುದೆಂಬ ನಂಬಿಕೆಯವರು ಸಂತೋಷಪಟ್ಟರು. ಅಲ್ಲಿಯೂ ಸುಮಾರು ಒಂದು ವರ್ಷ ಕೊಳ ಬರಿದಾಗಿತ್ತೆಂಬುದನ್ನು ಗಮನಿಸಬೇಕು. ನಮ್ಮ ಮನೆಗಳಲ್ಲಿ ಹೂಳಿದ ಮರುದಿನವೇ ಮರಿ ತರುವ ಆತುರ. ಮರಿ ಬೇಕೆಂದು ಮಗುವೇ ಕೇಳುವ ತನಕ ತಡೆದಿರಿ. ಬಂದ ಮರಿಗೆ ಹಳೆಯ ಹೆಸರನ್ನೇ ಇಡಬೇಕೋ ಹೊಸದನ್ನೋ ಎಂಬುದನ್ನೂ ಅವರಿಗೇ ಬಿಡಿರಿ. ನಮ್ಮ ಮನೆಯ ಹುಡುಗಿ ಏಳು ತಿಂಗಳ ಬಳಿಕ ಕೇಳಿದಳು. ಹೊಸ ಹೆಸರನ್ನೇ ಇಟ್ಟಳು.