ಶಾಲೆಯ ಸರ್ವರಿಗೆ ಒಂದು ಕಡತ: ಲಿನಕ್ಸ್ ಯಂತ್ರದಲ್ಲಿ ಡಾಕರ್ ಕಂಪೋಸ್



ಜೂರಾಲ ಜಲಾಶಯದ ಆಸುಪಾಸಿನ ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರದೇಶದಲ್ಲಿ ಕನ್ನಡ ಮಾಧ್ಯಮದ ಪಾಠಸಾಮಗ್ರಿಯ ಸ್ಥಿತಿ ಸ್ವಲ್ಪ ವಿಲಕ್ಷಣವಾದುದು. ಮಕ್ತಲ್ ಕಡೆಯಿಂದ ಕೃಷ್ಣಾ ಸೇತುವೆಯನ್ನು ದಾಟಿದರೆ ರಾಯಚೂರು. ಗದ್ವಾಲದಿಂದಾದರೆ ಹೊಳೆ ದಾಟುವ ಕೆಲಸವೂ ಇಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯವೇ ಆಗಿದ್ದವು. ಗಡಿಯಾಚೆ ಕನ್ನಡದ ಡಿಜಿಟಲ್ ಪಾಠಗಳು ಹೇರಳವಾಗಿವೆ. ಆದರೆ ಅವು ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸಿದವು. ಇಲ್ಲಿಯ ಮಗು ಓದುವುದು ತೆಲಂಗಾಣದ ಪಠ್ಯಕ್ರಮವನ್ನು. ಹೀಗಾಗಿ ಶಿಕ್ಷಕರು ತಾವೇ ಬರೆದ ಟಿಪ್ಪಣಿ, ಪ್ರಶ್ನಾವಳಿ, ಓದಿ ಮುದ್ರಿಸಿದ ಪದ್ಯಗಳ ಧ್ವನಿಗಳೇ ತರಗತಿಗೆ ಆಧಾರವಾಗುತ್ತವೆ. ಇಂಥ ಸಾಮಗ್ರಿಗೆ ಬೇರೆಲ್ಲೂ ಎರಡನೆಯ ಪ್ರತಿ ಇರುವುದಿಲ್ಲ. ಅದನ್ನಿಟ್ಟ ಯಂತ್ರ ಕೆಟ್ಟರೆ, ಅಥವಾ ಆ ಯಂತ್ರವನ್ನು ಅಣಿಗೊಳಿಸಿದ ಶಿಕ್ಷಕರಿಗೆ ವರ್ಗಾವಣೆಯಾದರೆ, ಹಲವು ವರ್ಷಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಇಲ್ಲವಾಗಬಹುದು.

ಈ ಉಪನ್ಯಾಸದ ವಿಷಯ, ಶಾಲೆಯೊಳಗಿನ ಒಂದು ಸಾಧಾರಣ ಲಿನಕ್ಸ್ ಯಂತ್ರವನ್ನು ಡಾಕರ್ ಕಂಪೋಸ್ ಎಂಬ ಸಾಧನದ ಮೂಲಕ ಪಾಠಗಳ ಸರ್ವರನ್ನಾಗಿ ಮಾಡುವುದು. ಉದಾಹರಣೆಗೆ ಮೂರು ತಂತ್ರಾಂಶಗಳನ್ನು ತೆಗೆದುಕೊಳ್ಳಲಾಗಿದೆ: ಪಾಠಗಳನ್ನು ಪುಟಗಳಾಗಿ ತೋರಿಸುವ ವರ್ಡ್‌ಪ್ರೆಸ್, ಆ ಪುಟಗಳ ಬರಹವನ್ನು ಕಾಪಾಡುವ ಮರಿಯಾಡಿಬಿ ಎಂಬ ದತ್ತಸಂಚಯ, ಇಂಟರ್‌ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯವನ್ನು ಓದಿಸಬಲ್ಲ ಕಿವಿಕ್ಸ್. ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು.

ಒಂದು ತಂತ್ರಾಂಶಕ್ಕೆ ಬೇಕಾದ ಎಲ್ಲ ಪೂರಕ ಕಡತಗಳನ್ನು ಅದರೊಡನೆಯೇ ಕಟ್ಟಿಟ್ಟ ಬುತ್ತಿಗೆ 'ಇಮೇಜ್' ಎಂದು ಹೆಸರು. ಅದನ್ನು ಬಿಚ್ಚಿ ಯಂತ್ರದಲ್ಲಿ ಓಡಿಸಿದಾಗ ಅದು 'ಕಂಟೇನರ್'. 2013ರಲ್ಲಿ ಡಾಕರ್ ಹೊರಬಂದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಒಂದೇ ಕಂಟೇನರ್ ಇದ್ದರೆ ಡಾಕರ್ ಮಾತ್ರವೇ ಸಾಕು. ಮೂರು ಇದ್ದಾಗ, ಅವು ಪರಸ್ಪರ ಮಾತನಾಡಬೇಕಾದಾಗ, ಯಾವುದನ್ನು ಮೊದಲು ಎಬ್ಬಿಸಬೇಕು, ಯಾವುದರ ದತ್ತ ಎಲ್ಲಿರಬೇಕು ಎಂಬುದನ್ನೆಲ್ಲ ಪ್ರತಿಸಲವೂ ಉದ್ದುದ್ದ ಆದೇಶಗಳಲ್ಲಿ ಹೇಳಬೇಕಾಗುತ್ತದೆ. ಆ ಆದೇಶಗಳು ಒಬ್ಬರ ನೆನಪಿನಲ್ಲಿ ಉಳಿಯುತ್ತವೆಯೇ ಹೊರತು ಶಾಲೆಗೆ ಉಳಿಯುವುದಿಲ್ಲ. ಕಂಪೋಸ್ ಅವೆಲ್ಲವನ್ನೂ ಒಂದು ಕಡತದಲ್ಲಿ ಬರೆಯಿಸುತ್ತದೆ. ಮೊದಲು 'ಫಿಗ್' ಎಂಬ ಹೆಸರಿನಿಂದ ಬೇರೊಂದು ಸಣ್ಣ ಸಂಸ್ಥೆಯವರು ರೂಪಿಸಿದ ಈ ಸಾಧನ 2014ರಲ್ಲಿ ಡಾಕರ್‌ನ ಭಾಗವಾಯಿತು.

ಗದ್ವಾಲದ ಸೀರೆಯನ್ನು ಬಲ್ಲವರಿಗೆ ಇದು ಕಠಿಣವಲ್ಲ. ಅದರ ಒಡಲು ಹತ್ತಿ, ಅಂಚು ಸೆರಗುಗಳು ರೇಷ್ಮೆ. ಎರಡು ನೂಲುಗಳ ಗುಣ ಬೇರೆ. ಆದರೂ ಕೊಂಡಿಹಾಕಿ ಸೇರಿಸಿದ ಮೇಲೆ ಉಡುವವರಿಗೆ ಅದು ಒಂದೇ ಸೀರೆ. ವರ್ಡ್‌ಪ್ರೆಸ್ಸಿನ ಅವಶ್ಯಕತೆಗಳೂ ಮರಿಯಾಡಿಬಿಯ ಅವಶ್ಯಕತೆಗಳೂ ಹಾಗೆಯೇ ಬೇರೆಬೇರೆ. ಅವುಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸದೆ ಅಂಚಿನಲ್ಲಿ ಮಾತ್ರ ಜೋಡಿಸುವುದು ಕಂಪೋಸಿನ ಕೆಲಸ.

ಉಬುಂಟು 24.04 ಇರುವ ಯಂತ್ರದಲ್ಲಿ ಸ್ಥಾಪನೆ ಸರಳ. 'ಸುಡೊ ಆಪ್ಟ್ ಅಪ್‌ಡೇಟ್' ಎಂದು ಪಟ್ಟಿಯನ್ನು ನವೀಕರಿಸಿ, 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂಬುದರ ಮುಂದೆ 'ಡಾಕರ್.ಐಒ' ಮತ್ತು 'ಡಾಕರ್-ಕಂಪೋಸ್-ವಿ2' ಎಂಬ ಎರಡು ಹೆಸರುಗಳನ್ನು ಕೊಟ್ಟರಾಯಿತು. 'ಡಾಕರ್ ಕಂಪೋಸ್ ವರ್ಷನ್' ಎಂದಾಗ ಸಂಖ್ಯೆಯೊಂದು ಕಾಣಿಸಿದರೆ ಸ್ಥಾಪನೆ ಮುಗಿದಂತೆ. ಹಳೆಯ ಮಾರ್ಗದರ್ಶಿಗಳಲ್ಲಿ ಡಾಕರ್, ಕಂಪೋಸ್ ಎಂಬೆರಡು ಪದಗಳ ನಡುವೆ ಅಡ್ಡಗೆರೆ ಇರುತ್ತದೆ. ಅದು ಮೊದಲನೆಯ ಆವೃತ್ತಿಯ ಆದೇಶ; 2023ರ ಜುಲೈನಿಂದ ಆ ಆವೃತ್ತಿಗೆ ಪರಿಷ್ಕರಣೆ ನಿಂತಿದೆ. ಈಗಿನದರಲ್ಲಿ ನಡುವೆ ಬರಿಯ ತೆರಪು ಸಾಕು. ಪ್ರತಿಸಲವೂ 'ಸುಡೊ' ಎನ್ನುವ ತೊಂದರೆ ತಪ್ಪಲೆಂದು ಬಳಕೆದಾರರನ್ನು 'ಡಾಕರ್' ಎಂಬ ಗುಂಪಿಗೆ ಸೇರಿಸುವ ರೂಢಿಯುಂಟು. ಆ ಗುಂಪಿನಲ್ಲಿರುವವರಿಗೆ ಯಂತ್ರದ ಸಂಪೂರ್ಣ ಒಡೆತನವೇ ದೊರೆತಂತಾಗುವುದರಿಂದ, ಮಕ್ಕಳು ಬಳಸುವ ಖಾತೆಯನ್ನು ಅದಕ್ಕೆ ಸೇರಿಸಲೇಬಾರದು.

ಇನ್ನು ಮುಖ್ಯವಾದ ಕಡತ. 'ಶಾಲೆ' ಎಂಬಂಥ ಹೆಸರಿನ ಒಂದು ಫೋಲ್ಡರಿನಲ್ಲಿ (ಆ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲಿರಲಿ) 'ಕಂಪೋಸ್.ಯಾಮಲ್' ಎಂಬ ಕಡತವನ್ನು ತೆರೆಯಬೇಕು. ಅದರಲ್ಲಿ 'ಸರ್ವಿಸಸ್' ಎಂಬ ತಲೆಬರಹ. ಅದರ ಕೆಳಗೆ ಎರಡೆರಡು ತೆರಪು ಒಳಸರಿಸಿ ಮೂರು ಸೇವೆಗಳ ಹೆಸರು. ಪ್ರತಿ ಹೆಸರಿನ ಕೆಳಗೆ ಮತ್ತಷ್ಟು ಒಳಗೆ ಅದರ ವಿವರ. ಒಳಸರಿಸುವುದಕ್ಕೆ ಟ್ಯಾಬ್ ಕೀಲಿಯ ಗುರುತನ್ನು ಈ ಬರವಣಿಗೆ ಒಪ್ಪುವುದಿಲ್ಲ. ಕಾಗುಣಿತ ತಿದ್ದುವ ಕಣ್ಣುಳ್ಳ ಶಿಕ್ಷಕರಿಗೆ ಇಲ್ಲಿ ಇಂಜಿನಿಯರರಿಗಿಂತ ಹೆಚ್ಚಿನ ಅನುಕೂಲವಿದೆಯೆಂದರೂ ತಪ್ಪಿಲ್ಲ. 'ಡಾಕರ್ ಕಂಪೋಸ್ ಕಾನ್ಫಿಗ್' ಎಂಬ ಆದೇಶವು ಕಡತವನ್ನು ಓಡಿಸದೆಯೇ ಓದಿ ಲೋಪಗಳನ್ನು ಹೇಳುತ್ತದೆ.

ಪ್ರತಿ ಸೇವೆಗೆ 'ಇಮೇಜ್' ಎಂಬ ಸಾಲು ಬೇಕು. ಅಲ್ಲಿ 'ಲೇಟೆಸ್ಟ್' ಎಂದು ಬರೆಯುವುದು ಸೋಮಾರಿತನ. ಮುಂದೊಂದು ದಿನ ಹೊಸ ಆವೃತ್ತಿ ತಾನಾಗಿ ಬಂದು ಹಳೆಯ ದತ್ತದೊಡನೆ ಹೊಂದದೆ ಹೋಗಬಹುದು. 'ಮರಿಯಾಡಿಬಿ:11.4' ಎಂದು ಸಂಖ್ಯೆ ಸಹಿತ ಬರೆಯುವುದು ಲೇಸು. 'ಪೋರ್ಟ್ಸ್' ಎಂಬ ಸಾಲಿನಲ್ಲಿ ವರ್ಡ್‌ಪ್ರೆಸ್ಸಿಗೆ '8080:80', ಕಿವಿಕ್ಸಿಗೆ '8081:8080' ಎಂದಿರಲಿ. ಎಡಗಡೆಯದು ಶಾಲೆಯ ಯಂತ್ರದ ಬಾಗಿಲು, ಬಲಗಡೆಯದು ಕಂಟೇನರಿನ ಬಾಗಿಲು. ಮರಿಯಾಡಿಬಿಗೆ ಈ ಸಾಲೇ ಬೇಡ. ಅದು ಮಾತನಾಡಬೇಕಾದದ್ದು ವರ್ಡ್‌ಪ್ರೆಸ್ಸಿನೊಡನೆ ಮಾತ್ರ. ಗುಪ್ತಪದಗಳನ್ನು ಪಕ್ಕದಲ್ಲಿ '.ಇಎನ್‌ವಿ' ಎಂಬ ಪ್ರತ್ಯೇಕ ಕಡತದಲ್ಲಿಟ್ಟರೆ ಕಂಪೋಸ್ ಅಲ್ಲಿಂದ ಓದಿಕೊಳ್ಳುತ್ತದೆ. ಆದರೆ ಮರಿಯಾಡಿಬಿ ಆ ಗುಪ್ತಪದವನ್ನು ಗಮನಿಸುವುದು ತನ್ನ ದತ್ತದ ಜಾಗ ಖಾಲಿಯಿರುವ ಮೊದಲ ಸಲ ಮಾತ್ರ. ಆಮೇಲೆ ಕಡತದಲ್ಲಿ ಬದಲಿಸಿದರೆ ದತ್ತಸಂಚಯದ ಬೀಗ ಬದಲಾಗುವುದಿಲ್ಲ, ವರ್ಡ್‌ಪ್ರೆಸ್ಸಿನ ಕೈಯಲ್ಲಿರುವ ಕೀಲಿಯಷ್ಟೇ ಬದಲಾಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವ ಸ್ಥಳ 'ಲೋಕಲ್‌ಹೋಸ್ಟ್' ಎಂಬ ಪದ. ಕಂಟೇನರಿನೊಳಗೆ ಆ ಪದಕ್ಕೆ 'ಈ ಕಂಟೇನರ್' ಎಂದರ್ಥ. ಆದುದರಿಂದ ವರ್ಡ್‌ಪ್ರೆಸ್ಸಿಗೆ ದತ್ತಸಂಚಯದ ವಿಳಾಸವಾಗಿ 'ಲೋಕಲ್‌ಹೋಸ್ಟ್' ಎಂದು ಕೊಟ್ಟರೆ ಅದು ತನ್ನೊಳಗೇ ಹುಡುಕಿ ಬರಿಗೈಯಲ್ಲಿ ಮರಳುತ್ತದೆ. ಕಡತದಲ್ಲಿ ಮರಿಯಾಡಿಬಿಗೆ ಇಟ್ಟ ಸೇವೆಯ ಹೆಸರನ್ನೇ ವಿಳಾಸವಾಗಿ ಕೊಡಬೇಕು. ವರ್ಡ್‌ಪ್ರೆಸ್ಸಿನದು ಇನ್ನೊಂದು ಹಠ. ಮೊದಲ ಸಲ ಯಾವ ವಿಳಾಸದಿಂದ ತೆರೆದು ಸ್ಥಾಪಿಸುತ್ತೇವೆಯೋ ಅದನ್ನೇ ಅದು ದತ್ತಸಂಚಯದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸರ್ವರಿನ ಮುಂದೆಯೇ ಕುಳಿತು 'ಲೋಕಲ್‌ಹೋಸ್ಟ್' ಎಂದು ತೆರೆದು ಸ್ಥಾಪಿಸಿದರೆ, ತರಗತಿಯ ಉಳಿದ ಯಂತ್ರಗಳಲ್ಲಿ ಪುಟ ಸರಿಯಾಗಿ ತೆರೆಯದು. ಮೊದಲು ರೂಟರಿನಲ್ಲಿ ಸರ್ವರಿಗೆ ಬದಲಾಗದ ಐಪಿ ವಿಳಾಸ ಕೊಟ್ಟು, ಬೇರೊಂದು ಯಂತ್ರದಿಂದ ಆ ವಿಳಾಸವನ್ನೇ ಬಳಸಿ ಸ್ಥಾಪಿಸಬೇಕು.

'ಡಾಕರ್ ಕಂಪೋಸ್ ಅಪ್ -ಡಿ' ಎಂದರೆ ಮೂರೂ ಸೇವೆಗಳು ಹಿನ್ನೆಲೆಯಲ್ಲಿ ಏಳುತ್ತವೆ. 'ಪಿಎಸ್' ಎಂಬುದು ಅವುಗಳ ಹಾಜರಿ ಪುಸ್ತಕ; 'ಲಾಗ್ಸ್' ಎಂಬುದು ದಿನಚರಿ. ಕರೆಂಟು ಹೋಗಿ ಬರುವುದು ಸಾಮಾನ್ಯವಾದ ಕಡೆ ಪ್ರತಿ ಸೇವೆಯಲ್ಲಿ 'ರೀಸ್ಟಾರ್ಟ್: ಅನ್‌ಲೆಸ್-ಸ್ಟಾಪ್ಡ್' ಎಂಬ ಸಾಲು ಇರಲೇಬೇಕು. ಆಗ ಯಂತ್ರ ಮತ್ತೆ ಚಾಲೂ ಆದೊಡನೆ ಸೇವೆಗಳೂ ತಾವಾಗಿ ಏಳುತ್ತವೆ.

ಕಂಟೇನರನ್ನು ತೆಗೆದುಹಾಕಿದರೆ ಅದರೊಳಗೆ ಬರೆದದ್ದೆಲ್ಲ ಹೋಗುತ್ತದೆ. ಉಳಿಯಬೇಕಾದದ್ದನ್ನು ಅದರ ಹೊರಗೆ 'ವಾಲ್ಯೂಮ್' ಎಂಬಲ್ಲಿ ಇಡಬೇಕು. ಮರಿಯಾಡಿಬಿಯ ದತ್ತಕ್ಕೊಂದು, ವರ್ಡ್‌ಪ್ರೆಸ್ಸಿನ ಚಿತ್ರ, ಧ್ವನಿ ಕಡತಗಳಿಗೊಂದು ವಾಲ್ಯೂಮ್ ಬೇಕು. 'ಡಾಕರ್ ಕಂಪೋಸ್ ಡೌನ್' ಎಂಬ ಆದೇಶ ಕಂಟೇನರುಗಳನ್ನು ತೆಗೆದುಹಾಕುತ್ತದೆ, ವಾಲ್ಯೂಮುಗಳನ್ನು ಮುಟ್ಟುವುದಿಲ್ಲ. ಅದೇ ಆದೇಶದ ಕೊನೆಗೆ '-ವಿ' ಎಂಬ ಒಂದಕ್ಷರ ಸೇರಿದರೆ ವಾಲ್ಯೂಮುಗಳೂ ಅಳಿಯುತ್ತವೆ, 'ಖಚಿತವೇ?' ಎಂದು ಯಂತ್ರ ಕೇಳುವುದೂ ಇಲ್ಲ. ದೋಷ ಸರಿಪಡಿಸುವ ಸಲಹೆಗಳಲ್ಲಿ ಈ ಅಕ್ಷರ ಧಾರಾಳವಾಗಿ ಕಾಣಸಿಗುತ್ತದೆ. ಪ್ರಯೋಗದ ಯಂತ್ರಕ್ಕೆ ಅದು ಸರಿ. ಪಾಠಗಳಿರುವ ಯಂತ್ರದಲ್ಲಿ ನಿಷಿದ್ಧ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಒಂದುಂಟು. ಕಂಪೋಸ್ ವಾಲ್ಯೂಮಿನ ಹೆಸರಿನ ಮುಂದೆ ಫೋಲ್ಡರಿನ ಹೆಸರನ್ನು ಜೋಡಿಸುತ್ತದೆ. ಹೊಸದಾಗಿ ಬಂದ ಶಿಕ್ಷಕರು ಫೋಲ್ಡರಿನ ಹೆಸರನ್ನು ಅಂದಗೊಳಿಸಿ ಮತ್ತೆ ಎಬ್ಬಿಸಿದರೆ, ಹೊಸ ಹೆಸರಿನ ಖಾಲಿ ವಾಲ್ಯೂಮು ಹುಟ್ಟಿ, ಪಾಠಗಳೆಲ್ಲ ಮಾಯವಾದಂತೆ ತೋರುತ್ತದೆ. ಅವು ಹೋಗಿರುವುದಿಲ್ಲ. 'ಡಾಕರ್ ವಾಲ್ಯೂಮ್ ಎಲ್ಎಸ್' ಎಂದರೆ ಹಳೆಯದೂ ಪಟ್ಟಿಯಲ್ಲಿ ಕಾಣುತ್ತದೆ. ಕಂಪೋಸ್ 'ಡೌನ್' ಮಾಡಿ, ಫೋಲ್ಡರಿಗೆ ಹಳೆಯ ಹೆಸರಿಟ್ಟು ಮತ್ತೆ 'ಅಪ್' ಮಾಡಿದರೆ ಪುಟಗಳು ಮರಳುತ್ತವೆ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಿದವರಿಗೆ ಮಾತ್ರ ನಿಜವಾದ ನಷ್ಟ. ಕಡತದ ಮೊದಲ ಸಾಲಿನಲ್ಲೇ 'ನೇಮ್' ಎಂದು ಹೆಸರನ್ನು ಸ್ಥಿರಪಡಿಸಿದರೆ ಈ ಪ್ರಸಂಗವೇ ಬಾರದು.

ವಾಲ್ಯೂಮ್ ಇದ್ದ ಮಾತ್ರಕ್ಕೆ ಪ್ರತಿ ಇದ್ದಂತಲ್ಲ. ಅದೂ ಅದೇ ಡಿಸ್ಕಿನಲ್ಲಿರುತ್ತದೆ. ವಾರಕ್ಕೊಮ್ಮೆಯಾದರೂ 'ಡಾಕರ್ ಕಂಪೋಸ್ ಎಕ್ಸೆಕ್ -ಟಿ' ಎಂಬುದರ ಮೂಲಕ ಮರಿಯಾಡಿಬಿ ಸೇವೆಯೊಳಗೆ 'ಮರಿಯಾಡಿಬಿ-ಡಂಪ್' ಓಡಿಸಿ, ಬಂದದ್ದನ್ನು ಒಂದು ಕಡತಕ್ಕೆ ಇಳಿಸಬೇಕು. ಇಲ್ಲಿ 'ಟಿ' ದೊಡ್ಡಕ್ಷರ. ಆ ಕಡತದಲ್ಲಿ ಬರಹ ಮಾತ್ರ ಇರುತ್ತದೆ. ಚಿತ್ರ, ಧ್ವನಿಗಳ ಫೋಲ್ಡರನ್ನು ಬೇರೆಯಾಗಿ ನಕಲು ಮಾಡಬೇಕು. ಎರಡನ್ನೂ 'ಕಂಪೋಸ್.ಯಾಮಲ್', '.ಇಎನ್‌ವಿ' ಕಡತಗಳೊಡನೆ ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಸರ್ವರಿನ ಪಕ್ಕದಲ್ಲಿ ಅಲ್ಲ, ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಬೇಕು.

ಇಮೇಜುಗಳ ಗಾತ್ರ ದೊಡ್ಡದು. ನೆಟ್‌ವರ್ಕ್ ದುರ್ಬಲವಾದ ಹಳ್ಳಿಯಲ್ಲಿ ಇಳಿಸಿಕೊಳ್ಳುವುದು ಪ್ರಯಾಸ. ಗದ್ವಾಲದಲ್ಲೋ ರಾಯಚೂರಿನಲ್ಲೋ ಒಳ್ಳೆಯ ಸಂಪರ್ಕವಿರುವ ಲ್ಯಾಪ್‌ಟಾಪಿನಲ್ಲಿ 'ಡಾಕರ್ ಕಂಪೋಸ್ ಪುಲ್' ಎಂದು ಇಳಿಸಿ, 'ಡಾಕರ್ ಸೇವ್' ಎಂಬುದರಿಂದ ಒಂದೇ ಕಡತವಾಗಿ ಕಟ್ಟಿ ತರಬಹುದು. ಶಾಲೆಯಲ್ಲಿ 'ಡಾಕರ್ ಲೋಡ್' ಎಂದರೆ ಅದು ಬಿಚ್ಚಿಕೊಳ್ಳುತ್ತದೆ. ಎರಡೂ ಯಂತ್ರಗಳ ಪ್ರೊಸೆಸರ್ ಒಂದೇ ಬಗೆಯದಾಗಿರಬೇಕು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇಳಿಸಿದ ಇಮೇಜ್ ರಾಸ್ಪ್‌ಬೆರಿ ಪೈಯಲ್ಲಿ ನಡೆಯದು. ಕನ್ನಡ ವಿಕಿಪೀಡಿಯದ 'ಜಿಮ್' ಕಡತವನ್ನೂ ಅದೇ ಪೆನ್‌ಡ್ರೈವಿನಲ್ಲಿ ತಂದು ಕಿವಿಕ್ಸಿನ 'ಡೇಟಾ' ಫೋಲ್ಡರಿಗೆ ಹಾಕಿದರಾಯಿತು.

ದಸರೆ ಅಥವಾ ಸಂಕ್ರಾಂತಿ ರಜೆಗೆ ಮುನ್ನ ಒಂದು ಪರೀಕ್ಷೆ ನಡೆಸುವುದು ಉಚಿತ. ಸರ್ವರನ್ನು ಮುಟ್ಟದೆ, ಬೇರೊಂದು ಯಂತ್ರದಲ್ಲಿ ಬೀರುವಿನ ಪೆನ್‌ಡ್ರೈವಿನಿಂದಲೇ ಎಲ್ಲವನ್ನೂ ಮತ್ತೆ ನಿಲ್ಲಿಸಿ ನೋಡಬೇಕು: ಇಮೇಜುಗಳನ್ನು ಲೋಡ್ ಮಾಡಿ, ಕಂಪೋಸನ್ನು ಎಬ್ಬಿಸಿ, ಡಂಪ್ ಕಡತವನ್ನು ಒಳಗಿಳಿಸಿ, ಚಿತ್ರ, ಧ್ವನಿಗಳನ್ನು ಅವುಗಳ ಜಾಗಕ್ಕೆ ಹಾಕಬೇಕು. ಪುಟಗಳಿಗೆ ಹಳೆಯ ವಿಳಾಸವೇ ನೆನಪಿರುವುದರಿಂದ, ಪರೀಕ್ಷೆಯ ಅವಧಿಗೆ ಸರ್ವರನ್ನು ನಿಲ್ಲಿಸಿ ಅದರ ಐಪಿ ವಿಳಾಸವನ್ನು ಈ ಯಂತ್ರಕ್ಕೆ ಕೊಡಬೇಕಾಗುತ್ತದೆ. ಈ ಕೆಲಸವನ್ನು ಸರ್ವರ್ ಕಟ್ಟಿದ ಶಿಕ್ಷಕರು ಮಾಡಬಾರದು. ಕಡತವನ್ನು ಎಂದೂ ನೋಡದ ಸಹೋದ್ಯೋಗಿಯೊಬ್ಬರು ಮಾಡಬೇಕು, ಕಟ್ಟಿದವರು ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಬೇಕು. ಅವರು ತಡೆದು ಪ್ರಶ್ನೆ ಕೇಳಿದ ಪ್ರತಿಯೊಂದು ಸ್ಥಳಕ್ಕೂ ಕಡತದಲ್ಲಿ ಹ್ಯಾಶ್ ಗುರುತಿನ ಮುಂದೆ ಒಂದು ಸಾಲು ಟಿಪ್ಪಣಿ ಸೇರಬೇಕು. ಹ್ಯಾಶ್ ಗುರುತಿನ ಮುಂದಿನ ಬರಹವನ್ನು ಯಂತ್ರ ಓದುವುದಿಲ್ಲವಾದುದರಿಂದ ಆ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆಯಬಹುದು.