ಕೆರೆಯ ಪಾಚಿಯಿಂದ ನಮ್ಮ ತಟ್ಟೆಯವರೆಗೆ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರು ಸಹ ಮಳೆ ಬಂದಾಗ ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಬೇತಮಂಗಲದ ಕಡೆಗೆ ಸಾಗುತ್ತದೆ. ಆದುದರಿಂದ ನಮ್ಮ ಪಾಲಿಗೆ ಹೊಳೆಯೆಂದರೆ ಕೆರೆಗಳ ಸಾಲೇ.

ಈ ನೀರಿನಲ್ಲಿ ಯಾವುದು ಯಾವುದನ್ನು ತಿಂದು ಬದುಕುತ್ತದೆ? ಬಿಸಿಲಿನ ಬಲದಿಂದ ಪಾಚಿ ಬೆಳೆಯುತ್ತದೆ. ಅದನ್ನು ಸಣ್ಣ ನೀರುಹುಳುಗಳೂ ಸೊಳ್ಳೆಮರಿಗಳೂ ತಿನ್ನುತ್ತವೆ. ಇವು ಸಣ್ಣ ಮೀನುಗಳಿಗೆ ಆಹಾರ. ಸಣ್ಣ ಮೀನುಗಳನ್ನು ದೊಡ್ಡ ಮೀನುಗಳೂ ಕೊಕ್ಕರೆಗಳೂ ಹಿಡಿಯುತ್ತವೆ. ದೊಡ್ಡ ಮೀನು ನಮ್ಮ ತಟ್ಟೆಗೆ ಬರುತ್ತದೆ. ಇದೇ ಆಹಾರ ಸರಪಳಿ.

ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. 1000 ಕಿಲೋ ಪಾಚಿಯಿಂದ 100 ಕಿಲೋ ಹುಳು, ಅದರಿಂದ 10 ಕಿಲೋ ಸಣ್ಣ ಮೀನು, ಅದರಿಂದ 1 ಕಿಲೋ ದೊಡ್ಡ ಮೀನು. ಆದರೆ ಬೇಗ ಕರಗಿಹೋಗದ ವಿಷ ಹೀಗೆ ಕಡಿಮೆಯಾಗುವುದಿಲ್ಲ. ಮೈಯ ಕೊಬ್ಬಿನಲ್ಲಿ ಸೇರಿ ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚುತ್ತದೆ. ಡಿ.ಡಿ.ಟಿ. ಅಂತಹ ವಿಷ. ಬೇಸಾಯದಲ್ಲಿ ಅದರ ಬಳಕೆಯನ್ನು ನಮ್ಮ ದೇಶದಲ್ಲಿ 1989ರಲ್ಲಿ ನಿಷೇಧಿಸಲಾಯಿತು.

ಬೇಗ ಕರಗುವ ಔಷಧವೂ ನಿರಪಾಯವಲ್ಲ. ರೇಷ್ಮೆ ಸಾಕುವವರಿಗೆ ಇದು ಗೊತ್ತು. ಪಕ್ಕದ ಟೊಮ್ಯಾಟೊ ತೋಟಕ್ಕೆ ಹೊಡೆದ ಔಷಧ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಕೆರೆಯಲ್ಲಿಯೂ ಹಾಗೆಯೇ. ಮೀನುಮರಿಗಳು ಸತ್ತರೆ ಸೊಳ್ಳೆಮರಿಗಳನ್ನು ತಿನ್ನುವವರಿಲ್ಲದೆ ಊರಿಗೆ ಸೊಳ್ಳೆಯ ಕಾಟ ಹೆಚ್ಚುತ್ತದೆ.

ಗೊಬ್ಬರದ ಮಾತೂ ಉಂಟು. ಹೊಲದಿಂದ ಕೊಚ್ಚಿಬಂದ ಗೊಬ್ಬರಕ್ಕೆ ಪಾಚಿ ಮಿತಿಮೀರಿ ಬೆಳೆಯುತ್ತದೆ. ರಾತ್ರಿ ಅದು ನೀರಿನ ಪ್ರಾಣವಾಯುವನ್ನು ಎಳೆದುಕೊಳ್ಳುವುದರಿಂದ ಬೆಳಗಿನ ಜಾವಕ್ಕೆ ಮೀನು ಸತ್ತು ತೇಲುತ್ತದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಅನೇಕ ಕೆರೆಗಳಿಗೆ ಬರುತ್ತಿದೆ. ಅಂತಹ ನೀರಿನಲ್ಲಿ ಪಾಚಿಯನ್ನು ಬೆಳೆಸುವ ಸತ್ವ ಉಳಿದಿರುತ್ತದೆ. ಅದರ ಮೇಲೆ ನಾವು ಇನ್ನಷ್ಟು ಸೇರಿಸಬಾರದು.

ಆದುದರಿಂದ ಇಷ್ಟು ಮಾಡೋಣ. ಔಷಧದ ಪಂಪನ್ನು ಕೆರೆಯಲ್ಲಾಗಲಿ ಕಾಲುವೆಯಲ್ಲಾಗಲಿ ತೊಳೆಯಬಾರದು. ಖಾಲಿ ಡಬ್ಬವನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ ಅದೇ ಬೆಳೆಗೆ ಹೊಡೆಯಬೇಕು. ಮಳೆಯ ಮೋಡ ಕಂಡಾಗ ಗೊಬ್ಬರ ಚೆಲ್ಲಬಾರದು. ಹೊಲಕ್ಕೂ ಕಾಲುವೆಗೂ ನಡುವೆ ಹುಲ್ಲಿನ ಪಟ್ಟಿ ಬಿಡಬೇಕು. ವಿಷ ಹಾಕಿ ಮೀನು ಹಿಡಿಯುವುದನ್ನು ಊರೇ ತಡೆಯಬೇಕು.

ಮೇಲಿನ ಕೆರೆಗೆ ಬಿದ್ದದ್ದು ಕೋಡಿಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತದೆ. ಪಾಚಿಗೆ ಸೇರಿದ್ದು ನಮ್ಮ ಮಕ್ಕಳ ತಟ್ಟೆಗೆ ಏರುತ್ತದೆ. ಈ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.