ಹರಕೆ ಮತ್ತು ಹೃದಯ

ತಂದೆಯನ್ನು ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದ ಮೇಲೆ ಹೊರಗೆ ಕೂತ ಮನೆಮಂದಿ ದೇವರನ್ನು ನೆನೆಯುತ್ತಾರೆ, ಹರಕೆ ಹೊರುತ್ತಾರೆ. ಅದರಿಂದ ರೋಗಿಗೆ ಗುಣವಾಗುತ್ತದೆಯೇ? ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು 1,802 ಬೈಪಾಸ್ ರೋಗಿಗಳನ್ನು ಪರಿಶೀಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದಷ್ಟೇ ತಿಳಿದಿದ್ದವರ ಪೈಕಿ, ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52, ಸಿಗದವರಲ್ಲಿ ಶೇ. 51 ಮಂದಿಗೆ ತೊಡಕುಗಳಾದವು. ತಮಗಾಗಿ ಪ್ರಾರ್ಥನೆ ನಡೆದಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಶೇ. 59.

ಹಾಗಾದರೆ ಹರಕೆ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಪ್ರಾರ್ಥಿಸಿದವರು ಅಪರಿಚಿತರು. ಅಳೆದದ್ದು ಮೊದಲ 30 ದಿನಗಳ ತೊಡಕುಗಳನ್ನು. ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಆ ದಿನಗಳಲ್ಲಿ ರೋಗಿಯ ಮನಸ್ಸು ಕುಗ್ಗುತ್ತದೆ, ನಿದ್ದೆ ಕೆಡುತ್ತದೆ, ಕೆಮ್ಮಿದರೂ ನೋವು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ, ಉಸಿರಾಟದ ವ್ಯಾಯಾಮ ಮಾಡಿಸುವ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವ ಕೈಗಳು ದಣಿಯದಂತೆ ಕಾಯುವುದು ನಂಬಿಕೆ. ಅದರ ನಿಜವಾದ ಕೆಲಸ ನಡೆಯುವುದು ಆರೈಕೆ ಮಾಡುವವರೊಳಗೆ.

ನಂಬಿಕೆಯ ಭರದಲ್ಲಿ ಮಾತ್ರೆ ಬಿಡಿಸುವವರೂ ಇದ್ದಾರೆ ಎಂಬ ಆಕ್ಷೇಪವಂತೂ ನ್ಯಾಯವಾದದ್ದು. ವೈದ್ಯರ ಮಾತು ಮೀರುವ ಯಾವ ವ್ರತವೂ ಬೇಡ. ಇನ್ನು, ಅಪ್ಪ ಉಳಿಯದಿದ್ದಾಗ ತಮ್ಮ ಭಕ್ತಿಯೇ ಸಾಲಲಿಲ್ಲವೆಂದು ಕೊರಗುವ ಮಕ್ಕಳ ನೋವು ನನ್ನನ್ನು ಹೆಚ್ಚು ಕಾಡುತ್ತದೆ. ಅವರಿಗೆ ಇದೇ ಅಧ್ಯಯನವನ್ನು ತಿಳಿಸಿ ಹೇಳಬೇಕು: ತೊಡಕು ಬಂದದ್ದು ನಿಮ್ಮ ಪ್ರಾರ್ಥನೆಯ ಕೊರತೆಯಿಂದಲ್ಲ.